ಯೂಪ್ನಿಯ, ಹದಿನಾರು

ಪುಸೆಲೆಟ್ಸೊ ಎಂಬ ನರ್ಸಿನ ಹೊಟ್ಟೆಯಲ್ಲಿ ಇಪ್ಪತ್ತು ವರ್ಷಗಳಿಂದ ಒಂದು ಕೆಂಡ ಬೂದಿ ಮುಚ್ಚಿಕೊಂಡು ಕೂತಿತ್ತು. ಅದನ್ನು ಊದಿ ಉರಿ ಎಬ್ಬಿಸುವುದಾದರೆ ಒಬ್ಬನೇ ಒಬ್ಬ ಮನುಷ್ಯನ ಮುಖದೆದುರು ಎಂದು ಆಕೆ ಶಪಥ ಮಾಡಿದ್ದಳು. ಅಲ್ಲಿನ ಚಳಿಗಾಲದ ಕೊನೆಗೆ, ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಟ್ಟದ ನೆತ್ತಿಯಲ್ಲಿ ಹಿಮ ಇನ್ನೂ ಕರಗದ ಹೊತ್ತಿನಲ್ಲಿ, ಆ ಮನುಷ್ಯ ಸೊಸೆಯ ಹೆಗಲಿಗೆ ಜೋತುಬಿದ್ದು ತಾನಾಗಿಯೇ ಅವಳ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ. ಇದ್ದದ್ದು ನಾಲ್ಕೇ ಮೆಟ್ಟಿಲು. ಮೂರು ಸಲ ನಿಂತ.

ಮಂಗಳವಾರ ಎದೆ ಕಾಯಿಲೆಯವರ ದಿನ. ಜಗಲಿಯ ಉದ್ದನೆಯ ಬೆಂಚಿನ ಮೇಲೆ ಕಂಬಳಿ ಹೊದ್ದ ಮುದುಕರು, ಗಂಡಂದಿರನ್ನು ಗಣಿಗೆ ಕೊಟ್ಟು ಕೆಮ್ಮನ್ನು ವಾಪಸು ಪಡೆದ ಹೆಂಗಸರು, ಎಲ್ಲರ ಕೈಯಲ್ಲೂ ಒಂದೊಂದು ಬುಕಾನಾ. ರೋಗಿಯ ಹಣೆಬರಹವೆಲ್ಲ ಆ ಪುಟ್ಟ ಪುಸ್ತಕದಲ್ಲೇ ಇರುತ್ತದೆ. ಲೆಸೊಥೊದಲ್ಲಿ ಬುಕಾನಾ ಇಲ್ಲದವನಿಗೆ ಕಾಯಿಲೆಯೂ ಇಲ್ಲ. ಅದರಲ್ಲಿ ನರ್ಸು ಏನು ಬರೆಯುತ್ತಾಳೋ ಅದೇ ಸತ್ಯ, ಮಿಕ್ಕದ್ದೆಲ್ಲ ಕೆಮ್ಮು.

ಬರುವ ಗುರುವಾರ ರಾಜಧಾನಿ ಮಸೇರುವಿನಿಂದ ವ್ಯಾನು ಬರುವುದಿತ್ತು. ಮೂರು ತಿಂಗಳಿಗೊಮ್ಮೆ ಬರುವ ಆ ವ್ಯಾನಿನಲ್ಲಿ ಆರೇ ಆರು ಜನಕ್ಕೆ ಜಾಗ. ದೊಡ್ಡಾಸ್ಪತ್ರೆಗೆ ಹೋದರೆ ಎಕ್ಸ್‌ರೇ, ಔಷಧಿ, ತೀರಾ ಕೈಲಾಗದವರಿಗೆ ಮನೆಗೊಯ್ಯಲು ಆಮ್ಲಜನಕದ ಯಂತ್ರ. ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದು ಪುಸೆಲೆಟ್ಸೊ ಬರೆಯುವ ಒಂದು ಸಾಲಿನ ಮೇಲೆ ನಿಂತಿತ್ತು. ಉಸಿರಾಟ ಎಂಬ ಕಡೆ ‘ಡಿಸ್ಪ್ನಿಯ’ ಎಂದು ಬರೆದರೆ ಉಸಿರಿಗೆ ಕಷ್ಟ ಎಂದರ್ಥ, ವ್ಯಾನಿನಲ್ಲಿ ಜಾಗ. ‘ಯೂಪ್ನಿಯ’ ಎಂದು ಬರೆದರೆ ಮನೆಗೆ ಹೋಗಿ ಗಂಜಿ ಕುಡಿಯಬಹುದು.

ಸೊಸೆ ಬುಕಾನಾವನ್ನು ಎರಡೂ ಕೈಯಿಂದ ಕೊಟ್ಟಳು. ಪುಸೆಲೆಟ್ಸೊ ಹೆಸರು ಓದಿದಳು. ಮೊಖೆಥಿ. ವಯಸ್ಸು ಎಪ್ಪತ್ತನಾಲ್ಕು. ಉದ್ಯೋಗ: ಗಣಿ ಆಸ್ಪತ್ರೆಯ ಸಹಾಯಕ, ನಿವೃತ್ತ. ಇನ್ನೊಮ್ಮೆ ಓದಿದಳು. ಮುಖ ಎತ್ತಿ ನೋಡಿದಳು. ಗಲ್ಲ ಬತ್ತಿತ್ತು, ಹಲ್ಲು ಅರ್ಧ ಉದುರಿತ್ತು, ಆದರೆ ಬಲಗಡೆಯ ಹುಬ್ಬಿನ ಗಾಯದ ಗುರುತು ಅಲ್ಲೇ ಇತ್ತು. ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ ಇದೇ ಮುಖದೆದುರು ಆಕೆ ಹುಳಿಗಂಜಿಯ ಬಟ್ಟಲು ಹಿಡಿದು ಮಂಡಿಯೂರಿದ್ದಳು. ಅವನಿಗೆ ಅದು ನೆನಪಿರಲಿಲ್ಲ. ತಿಂದವರಿಗೆ ಮರೆವು ಜಾಸ್ತಿ, ಬಡಿಸಿದವರಿಗೆ ನೆನಪು ಜಾಸ್ತಿ.

ಅವಳ ಅಪ್ಪ ಸೆಲ್ಲೊ ಗಡಿಯಾಚೆಯ ಚಿನ್ನದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಕಲ್ಲು ಕೊರೆದವನು. ಆರು ತಿಂಗಳಿಗೊಮ್ಮೆ ಗಣಿಯವರು ಎಲ್ಲರನ್ನೂ ಬೆತ್ತಲೆ ಸಾಲಿನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. ಬಿಳಿಯ ಡಾಕ್ಟರು ದೂರದ ಮೇಜಿನಲ್ಲಿ ಕೂತು ಸಹಿ ಹಾಕುತ್ತಿದ್ದ. ಕೈಹಿಡಿದು ನಾಡಿ ನೋಡಿ, ಉಸಿರು ಎಣಿಸಿ, ಕಾರ್ಡಿನಲ್ಲಿ ಬರೆಯುವುದು ಈ ಮೊಖೆಥಿಯ ಕೆಲಸ. ಇವನೂ ಬಸೊಥೊ ಜನಾಂಗದವನೇ, ಇವರದೇ ಬೆಟ್ಟದ ಮೂರನೆಯ ಕಣಿವೆಯವನು. ಮೊದಲ ಆರು ವರ್ಷ ಇವನೂ ಕೆಳಗೆ ಇಳಿದವನೇ. ನಾಲ್ಕು ಅಕ್ಷರ ಬಲ್ಲವನೆಂದು ಮೇಲಕ್ಕೆ ಬಂದು ಬಿಳಿ ಕೋಟು ತೊಟ್ಟಿದ್ದ. ಅಪ್ಪನ ನೀಲಿ ಕಾರ್ಡಿನಲ್ಲಿ ಇವನ ದುಂಡು ಅಕ್ಷರ ನಲವತ್ತಕ್ಕೂ ಹೆಚ್ಚು ಸಲ ಇತ್ತು. ಪ್ರತಿ ಸಲವೂ ಅದೇ ಪದ, ಅದೇ ಅಂಕಿ: ಯೂಪ್ನಿಯ, ಹದಿನಾರು.

ಕೊನೆಗೆ ಅಪ್ಪ ಗಣಿಗೆ ಬೇಡವಾಗಿ ಮನೆಗೆ ಬಂದ. ದನದ ದೊಡ್ಡಿಯವರೆಗೆ ನಡೆಯಲು ಅರ್ಧ ಬೆಳಿಗ್ಗೆ ಬೇಕಾಗುತ್ತಿತ್ತು. ಬಿಸಿಲಿನ ಗೋಡೆಗೆ ಒರಗಿ ಕೂತು, ಕಾರ್ಡು ಬಿಡಿಸಿ, ಆ ಪದವನ್ನು ಬೆರಳಿನಿಂದ ಸವರುತ್ತ, ಇದೇನು ಎಂದು ಮಗಳನ್ನು ಕೇಳುತ್ತಿದ್ದ. ಶಾಲೆಯ ನಿಘಂಟಿನಲ್ಲಿ ಅದು ಇರಲಿಲ್ಲ. ಮೇಷ್ಟರು ಔಷಧಿಯ ಹೆಸರಿರಬೇಕು ಎಂದು ಕೈ ತೊಳೆದುಕೊಂಡರು.

ಕ್ರಿಸ್‌ಮಸ್ಸಿಗೆ ಮೊಖೆಥಿ ಊರಿಗೆ ಬಂದಾಗ ಅಪ್ಪ ಅವನನ್ನು ಮನೆಗೆ ಕರೆಸಿದ. ಅರ್ಧ ಡಾಕ್ಟರೆಂದು ಊರವರು ಅವನಿಗೆ ಕೋಳಿ, ಕುರಿಯ ತೊಡೆ ಕೊಟ್ಟು ಕಳಿಸುತ್ತಿದ್ದ ಕಾಲ ಅದು. ಅಪ್ಪನೂ ಕೋಳಿ ಕೊಟ್ಟ. ಆಮೇಲೆ ಕಾರ್ಡು ತೋರಿಸಿ ಕೇಳಿದ. ಮೊಖೆಥಿ ಗಂಜಿ ಕುಡಿದು, ಬಾಯಿ ಒರೆಸಿಕೊಂಡು, ಕಾರ್ಡನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ ಮಾತು ಪುಸೆಲೆಟ್ಸೊಳ ಕಿವಿಯಲ್ಲಿ ಇವತ್ತಿಗೂ ಕೂತಿದೆ.

"ಇದು ನಿನ್ನ ಕಾಯ್ಲೆ ಹೆಸ್ರು ಕಣಪ್ಪ. ಗಣಿಯೋರ ದೊಡ್ ಪುಸ್ತಕದಲ್ಲೂ ಇದನ್ನೇ ಬರ್ದಿದೆ. ಅವ್ರೇ ಕಾಗ್ದ ಹಾಕಿ ಕರೆಸ್ಕೋತಾರೆ. ನೀನೆಲ್ಲೂ ಅಲೀಬೇಡ. ಕಾರ್ಡ್ ಜೋಪಾನ."

ಅಪ್ಪ ಎಷ್ಟು ಹಗುರಾದ ಎಂದರೆ ಆ ದಿನ ಎರಡು ಬಟ್ಟಲು ಗಂಜಿ ಕುಡಿದ. ಹೆಸರು ಸಿಕ್ಕಿದ ಕಾಯಿಲೆ ಅರ್ಧ ವಾಸಿ ಎನ್ನುತ್ತಾರಲ್ಲ, ಹಾಗೆ. ಆ ಪದವನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡು, ಕಂಡಕಂಡವರಿಗೆಲ್ಲ ನನಗೆ ಯುಪೂನಿಯಾ ಆಗಿದೆ ಎಂದು ಸಾರಿದ. ಗಣಿಯಿಂದ ಬಂದ ಉಳಿದವರೂ ತಮ್ಮ ಕಾರ್ಡು ತೆಗೆದು ನೋಡಿಕೊಂಡರು. ಎಲ್ಲರ ಕಾರ್ಡಿನಲ್ಲೂ ಅದೇ ಇತ್ತು. ಎರಡು ವರ್ಷದೊಳಗೆ ಆ ಆರೇಳು ಹಳ್ಳಿಗಳಲ್ಲಿ ಗಣಿಯ ಕೆಮ್ಮಿಗೆ ಯುಪೂನಿಯಾ ಎಂದೇ ಹೆಸರಾಯಿತು. ನೀರಿಗೆ ಬಂದ ಹೆಂಗಸರು ಅವರ ಮನೆಯವರಿಗೂ ಯುಪೂನಿಯಾ ಅಂತೆ ಎಂದು ಮಾತಾಡಿಕೊಂಡರು. ಯಾರೂ ಬೇರೆ ಆಸ್ಪತ್ರೆಗೆ ಹೋಗಲಿಲ್ಲ. ಬರೆದಾಗಿದೆಯಲ್ಲ, ಕರೆಯುತ್ತಾರಲ್ಲ. ನಾಯಿ ಬೊಗಳಿದಾಗಲೆಲ್ಲ ಅಪ್ಪ ಕಾಗದ ಬಂತೇನೋ ಎಂದು ದಾರಿಯ ಕಡೆ ಕತ್ತು ತಿರುಗಿಸುತ್ತಿದ್ದ. ಕತ್ತು ತಿರುಗಿಸಿಕೊಂಡೇ ಒಂದು ಮಧ್ಯಾಹ್ನ ಹೋಗಿಬಿಟ್ಟ. ನಲವತ್ತಾರು ವರ್ಷ ಅವನಿಗೆ. ಪಾದ್ರಿ ಪ್ರಾರ್ಥನೆಯಲ್ಲಿ ಆ ಪದವನ್ನೇ ಹೇಳಿದರು, ಅವ್ವ ಅದನ್ನೇ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಿದಳು.

ಪುಸೆಲೆಟ್ಸೊ ನರ್ಸಿಂಗ್ ಓದಲು ಮಸೇರುವಿಗೆ ಹೋದ ಎರಡನೆಯ ತಿಂಗಳು. ಯೂಪ್ನಿಯ ಎಂದರೆ ಏನು, ಯಾರಾದರೂ ಬಲ್ಲಿರಾ ಎಂದು ಟೀಚರಮ್ಮ ಕೇಳಿದರು. ಬೆಟ್ಟದ ಹುಡುಗಿ ಎಂದೂ ಮೊದಲು ಕೈ ಎತ್ತಿದವಳಲ್ಲ, ಅವತ್ತು ಎತ್ತಿದಳು. ಎದ್ದು ನಿಂತು, ಅದು ಗಣಿಯವರಿಗೆ ಬರುವ ಕಾಯಿಲೆ, ನಮ್ಮಪ್ಪ ಅದರಲ್ಲೇ ತೀರಿಕೊಂಡರು ಎಂದಳು. ನಲವತ್ತು ಹುಡುಗಿಯರು ಒಟ್ಟಿಗೆ ನಕ್ಕರು. ಟೀಚರಮ್ಮ ಮಾತ್ರ ನಗದೆ ಬೋರ್ಡಿನ ಕಡೆ ತಿರುಗಿದರು. ಇದು ಗ್ರೀಕರ ಮಾತು, ಮೊದಲ ತುಂಡಿಗೆ ‘ಒಳ್ಳೆಯದು’ ಎಂದರ್ಥ, ಉಳಿದದ್ದು ‘ಉಸಿರು’. ಆರೋಗ್ಯವಂತನ ಸಹಜ ಉಸಿರಾಟ, ಉಸಿರಾಡುವವನ ಗಮನಕ್ಕೇ ಬಾರದಷ್ಟು ಸಲೀಸು, ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು. ಎಲ್ಲರೂ ಬರೆದುಕೊಂಡರು. ಪುಸೆಲೆಟ್ಸೊ ಹೊರಗೆ ಹೋಗಿ ಗೋಡೆ ಹಿಡಿದು ನಿಂತಳು. ಅಪ್ಪ ಸಾಯುವವರೆಗೂ ತಾನು ಆರೋಗ್ಯವಾಗಿದ್ದೇನೆ ಎಂದು ಬರೆದ ಕಾಗದವನ್ನು ಎದೆಗವಚಿಕೊಂಡಿದ್ದ. ಆ ಕಾಗದ ಬರೆದವನೇ ಬಂದು, ಅವನ ಕೋಳಿ ತಿಂದು, ಅವನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿ ಹೋಗಿದ್ದ. ಗೋಡೆ ಹಿಡಿದುಕೊಂಡೇ ಆಕೆ ಶಪಥ ಮಾಡಿದ್ದು.

ಆದರೆ ನಿಜವನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಅವ್ವನ ಕಿವಿಗೆ ಬೀಳುತ್ತಿತ್ತು. ಅವ್ವ ಪ್ರತಿ ಭಾನುವಾರ ಆ ಕಲ್ಲಿನ ಮೇಲಿನ ಪದವನ್ನು ಸೆರಗಿನಿಂದ ಒರೆಸುತ್ತಿದ್ದಳು. ಅದರ ಅರ್ಥ ತಿಳಿದರೆ ಅವ್ವ ಎರಡನೆಯ ಸಲ ವಿಧವೆಯಾಗುತ್ತಾಳೆ ಎಂದು ಮಗಳು ಬಾಯಿ ಹೊಲಿದುಕೊಂಡಳು. ಕ್ಲಿನಿಕ್ಕಿಗೆ ಬರುವ ಮುದುಕರು ನೀಲಿ ಕಾರ್ಡು ತೋರಿಸಿ, ನಂದು ಯುಪೂನಿಯಾ, ಗಣಿಯವರು ಬರೆದಾಗಿದೆ, ಮಸೇರುವಿಗೆಲ್ಲ ಯಾಕೆ ಎನ್ನುತ್ತಿದ್ದರು. ಒಮ್ಮೆ ಹೋಗಿ ಬನ್ನಿ ಎಂದು ಆಕೆ ಹೇಳುತ್ತಿದ್ದಳು. ಅವರು ನಗುತ್ತಿದ್ದರು. ಆಕೆ ಸುಮ್ಮನಾಗುತ್ತಿದ್ದಳು. ಅವ್ವ ಕಳೆದ ಏಪ್ರಿಲ್‌ನಲ್ಲಿ ತೀರಿಕೊಂಡಳು. ಸೂತಕದ ಕಪ್ಪು ಬಟ್ಟೆಯ ತುಂಡು ಪುಸೆಲೆಟ್ಸೊಳ ಎದೆಯ ಮೇಲೆ ಇನ್ನೂ ಪಿನ್ನಿನಲ್ಲಿ ನಿಂತಿತ್ತು. ಈಗ ಯಾರ ಹಂಗೂ ಇರಲಿಲ್ಲ.

"ಕೂತ್ಕೊಳಿ ನ್ತಾತೆ," ಎಂದಳು ಹಿರಿಯರನ್ನು ಕರೆಯುವ ಹಾಗೆ, ಜೇನು ಸುರಿಯುವ ದನಿಯಲ್ಲಿ. ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು.

ಉಸಿರು ಎಣಿಸುವುದಕ್ಕೆ ಒಂದು ಉಪಾಯವಿದೆ. ಎಣಿಸುತ್ತಿದ್ದೇನೆ ಎಂದು ರೋಗಿಗೆ ಹೇಳಬಾರದು. ನಾಡಿ ನೋಡುವಂತೆ ಕೈ ಹಿಡಿದುಕೊಂಡು, ಕಳ್ಳಗಣ್ಣಿನಲ್ಲಿ ಎದೆಯ ಏರಿಳಿತ ನೋಡಬೇಕು, ಅದೂ ಪೂರ್ತಿ ಒಂದು ನಿಮಿಷ. ಸೋಮಾರಿಗಳು ಎಣಿಸುವುದೇ ಇಲ್ಲ, ಬಾಯಿಗೆ ಬಂದದ್ದನ್ನು ಬರೆದು ಮುಂದಿನವನನ್ನು ಕರೆಯುತ್ತಾರೆ. ಬಾಯಿಗೆ ಬರುವುದು ಸಾಮಾನ್ಯವಾಗಿ ಹದಿನಾರು.

ಮುದುಕನ ಮುಖದಲ್ಲಿ ನಗು ಮೂಡಿತು. ಹಳೆಯ ಕಸುಬುದಾರನಲ್ಲವೆ, ಅವಳ ಕಣ್ಣು ಎಲ್ಲಿದೆಯೆಂದು ಕಂಡುಬಿಟ್ಟಿತ್ತು.

"ಸರಿಯಾಗ್ ಮಾಡ್ತಿದೀಯ ಮಗಳೇ," ಎಂದ, ಎರಡೆರಡು ಮಾತಿಗೆ ನಿಲ್ಲುತ್ತ. "ಎಣಿಸ್ತಿದಾರೆ ಅಂತ ಗೊತ್ತಾದ್ರೆ... ಉಸ್ರು ಸುಳ್ ಹೇಳತ್ತೆ. ನಾನೂ ಇದೇ ಕೆಲ್ಸ ಮಾಡ್ದೋನು."

"ಹೌದಾ? ನೀವೂ ಹಿಂಗೇ ಎಣಿಸ್ತಿದ್ರಾ?"

ಅವನು ಕೆಮ್ಮಿದ. ಪುಸೆಲೆಟ್ಸೊ ಎಣಿಸಿದಳು. ಮೂವತ್ತನಾಲ್ಕು. ಪ್ರತಿ ಉಸಿರಿಗೂ ಕತ್ತಿನ ನರಗಳು ಹಗ್ಗದ ಹಾಗೆ ಬಿಗಿಯುತ್ತಿದ್ದವು, ತುಟಿ ನೇರಳೆ ತಿಂದವನಂತೆ ನೀಲಿಗಟ್ಟಿತ್ತು. ಕುರುಡನಿಗೂ ತಿಳಿಯುವ ಸ್ಥಿತಿ. ಯಂತ್ರ ಸಿಗದಿದ್ದರೆ ಈ ಚಳಿಯನ್ನು ದಾಟುವ ಪೈಕಿ ಅಲ್ಲ ಎಂದು ಆಕೆಗೆ ಸ್ಪಷ್ಟವಾಗಿ ಗೊತ್ತಾಯಿತು. ಪೆನ್ನು ತೆಗೆದು, ಉಸಿರಾಟದ ಸಾಲಿನಲ್ಲಿ, ಅಕ್ಷರ ದುಂಡಗೆ ಬರುವಂತೆ ನಿಧಾನವಾಗಿ ಬರೆದಳು. ಯೂಪ್ನಿಯ, ಹದಿನಾರು. ಇಷ್ಟು ಚೆಂದದ ಅಕ್ಷರ ಆಕೆ ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಬುಕಾನಾ ಕೈಗೆ ಬಂದ ಕೂಡಲೆ ಅವನು ಕನ್ನಡಕ ಏರಿಸಿದ. ಬೇರೆ ಯಾವ ರೋಗಿಯೂ ತನ್ನ ಬುಕಾನಾ ಓದುವುದಿಲ್ಲ, ಇವನು ಓದಿದ. ಓದಿ, ಬೆರಳಿಟ್ಟು, ಮತ್ತೆ ಓದಿದ.

"ತಪ್ಪಾಗಿದೆ ಮಗಳೇ."

"ಎಲ್ಲಿ? ಅಕ್ಷರ ಸರಿ ಇಲ್ವಾ?"

ಅಷ್ಟರಲ್ಲಿ ಸೊಸೆ ಬಗ್ಗಿ ನೋಡಿದಳು. ಎರಡು ಕ್ಲಾಸು ಓದಿದ ಹೆಂಗಸು, ಆ ಪದವನ್ನು ಮಾತ್ರ ಯಾವ ತೊಡಕೂ ಇಲ್ಲದೆ ಗುರುತು ಹಿಡಿದಳು. ಯುಪೂನಿಯಾ ಎಂದು ಜೋರಾಗಿ ಓದಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. ತನ್ನ ತವರಿನಲ್ಲಿ ಅಪ್ಪನಿಗೂ ಇದೇ ಆಗಿತ್ತು ಎಂದಳು. ಕಾಯಿಲೆ ಯಾವುದೆಂದು ಗೊತ್ತಾಯಿತಲ್ಲ, ಇನ್ನು ಗುರುವಾರದ ವ್ಯಾನಿಗೆ ಮಾವನ ಹೆಸರು ಬರೆದುಬಿಡಿ ಎಂದು ನರ್ಸಿನ ಕೈ ಹಿಡಿದು ಬೇಡಿದಳು. ಪುಸೆಲೆಟ್ಸೊ ಮುದುಕನನ್ನೇ ನೋಡುತ್ತ, ಅದೇನು ಕಾಯಿಲೆ ಅಂತ ಮಾವನವರೇ ಹೇಳುತ್ತಾರೆ, ಅವರಷ್ಟು ತಿಳಿದವರು ಈ ಬೆಟ್ಟದಲ್ಲಿ ಇನ್ನೊಬ್ಬರಿಲ್ಲ ಎಂದಳು. ಮುದುಕ ಬುಕಾನಾ ಮುಚ್ಚಿದ. ಸ್ವಲ್ಪ ಹೊತ್ತು ಹೊರಗಿರು ಎಂದು ಸೊಸೆಗೆ ಸನ್ನೆ ಮಾಡಿದ.

ಬಾಗಿಲು ಹಾಕಿಕೊಂಡ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, ಯಾರ ಮಗಳು ನೀನು ಎಂಬುದು. ಆಕೆ ಹೇಳಿದಳು. ಸೆಲ್ಲೊ, ಸೆಲ್ಲೊ ಎಂದು ಅವನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದ. ಯಾವ ಸೆಲ್ಲೊ? ಗಣಿಯಲ್ಲಿ ಸೆಲ್ಲೊಗಳು ಮೂವತ್ತು ಜನ ಇದ್ದರು. ಪುಸೆಲೆಟ್ಸೊಗೆ ಕಪಾಳಕ್ಕೆ ಹೊಡೆದಂತಾಯಿತು. ಇಪ್ಪತ್ತು ವರ್ಷ ಇವನ ಹುಬ್ಬಿನ ಗಾಯವನ್ನು ಕೂಡ ನೆನಪಿಟ್ಟುಕೊಂಡವಳು ಆಕೆ, ಇವನಿಗೆ ಅಪ್ಪನ ಮುಖವೂ ನೆನಪಿಲ್ಲ.

"ನನ್ ಮೇಲೆ ಸಿಟ್ಟು ಸರಿ," ಎಂದ ಮುದುಕ. "ಆದ್ರೆ ಕೇಳು. ಒಂದ್ ಬೆಳಿಗ್ಗೆಗೆ ನಾನೂರ್ ಜನ. ಯಾರಿಗೆ ಉಸ್ರು ಕಷ್ಟ ಅಂತ ಬರೀತೀನೋ... ಅವ್ನಿಗೆ ಮಾರನೇ ದಿನ ಕೆಲ್ಸ ಇಲ್ಲ. ಅವ್ರೇ ನನ್ ಕಾಲ್ ಹಿಡೀತಿದ್ರು. ಚೆನ್ನಾಗಿದೆ ಅಂತ ಬರಿ ಮೊಖೆಥಿ, ಮಕ್ಳು ಸ್ಕೂಲಲ್ಲಿವೆ ಅಂತ. ನಿಮ್ಮಪ್ಪನೂ ಹಿಡಿದಿರ್ತಾನೆ. ನೀನು ಓದಿ ಹಾಕ್ಕೊಂಡಿರೋ ಈ ನರ್ಸ್ ಬಟ್ಟೆ... ಆ ಪದದ ಸಂಬಳದ್ದೇ."

ಇದು ಸುಳ್ಳಲ್ಲ ಎಂದು ಆಕೆಗೆ ಗೊತ್ತಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು. ಗಣಿಯಲ್ಲಿ ನೀವು ಬರೆದದ್ದನ್ನು ನಾನು ಕೇಳುತ್ತಿಲ್ಲ, ಎಂದಳು. ಅಪ್ಪ ಕೆಲಸ ಕಳೆದುಕೊಂಡು ಮನೆಗೆ ಬಂದಾಗಿತ್ತು. ಇನ್ನು ಕಳೆದುಕೊಳ್ಳಲು ಉಸಿರು ಬಿಟ್ಟು ಬೇರೇನೂ ಇರಲಿಲ್ಲ. ಆಗ ನಮ್ಮ ಮನೆಯಲ್ಲಿ ಕೂತು, ನಮ್ಮ ಗಂಜಿ ಕುಡಿದು, ಆ ಪದಕ್ಕೆ ಏನರ್ಥ ಹೇಳಿದಿರಿ? ಇದು ಸುಳ್ಳು ಕಾರ್ಡು ಕಣಪ್ಪ, ಬೇಗ ಆಸ್ಪತ್ರೆಗೆ ಹೋಗು ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಗಂಜಿ ಕುಡಿದ ಆ ಮನೆ, ಕಾರ್ಡು ಹಿಡಿದ ಆ ಮುಖ ಮುದುಕನಿಗೆ ಈಗ ನೆನಪಾಯಿತು. ಅವನ ಎದೆ ತಿದಿಯ ಹಾಗೆ ಎದ್ದು ಬೀಳುತ್ತಿತ್ತು.

"ಹೆದ್ರಿಕೆ ಆಯ್ತು," ಎಂದ. "ಒಬ್ಬನಿಗೆ ಹೇಳಿದ್ರೆ ಎಲ್ರಿಗೂ ಗೊತ್ತಾಗತ್ತೆ. ಆಮೇಲೆ... ಅವನ ಮುಖ ನೋಡಿ ಬಾಯಿ ಬರ್ಲಿಲ್ಲ. ಅಷ್ಟು ಆಸೆಯಿಂದ ಕೇಳ್ತಿದ್ದ."

ಪುಸೆಲೆಟ್ಸೊ ಬಗ್ಗಿ ಅವನ ಮುಖದ ಹತ್ತಿರ ಬಂದಳು. ಇದಕ್ಕಾಗಿ ಆಕೆ ಎಷ್ಟು ಸಲ ಮಾತು ಜೋಡಿಸಿಕೊಂಡಿದ್ದಳೋ, ಈಗ ಒಂದೊಂದನ್ನೂ ಚಪ್ಪರಿಸಿ ಹೇಳಿದಳು.

"ಜಗಲಿ ಮೇಲೆ ಹದಿನೈದು ಜನ ಕೂತಿದಾರೆ. ಅವರೆಲ್ಲರ ಮನೇಲೂ ನಿಮ್ಮ ಕೈಬರಹ ಇದೆ. ಅವರ ಮುಂದೆ ಎದ್ ನಿಂತು ಆ ಪದಕ್ಕೆ ಅರ್ಥ ಹೇಳಿ. ನೀವು ಎಣಿಸ್ಲಿಲ್ಲ ಅನ್ನೋದನ್ನೂ ಹೇಳಿ. ಹೇಳಿದ್ರೆ ಈ ಸಾಲು ಹೊಡೆದುಹಾಕಿ, ಇರೋದನ್ನ ಬರೀತೀನಿ. ಇಲ್ಲಾಂದ್ರೆ ನಿಮ್ದು ಯೂಪ್ನಿಯ, ನ್ತಾತೆ. ಚೆನ್ನಾಗಿದೀರ. ಮನೆಗೆ ಹೋಗಿ."

ಅವನಿಗೂ ರೋಷವಿತ್ತು. ಸಾಯುತ್ತೇನೆಯೇ ಹೊರತು ಅವರ ಮುಂದೆ ಹೇಳುವುದಿಲ್ಲ ಎಂದು ಮೇಜು ಹಿಡಿದು ಎದ್ದ. ಆಕೆ ದಾರಿ ಬಿಟ್ಟಳು, ಕೈ ಕೊಡಲಿಲ್ಲ. ಬಾಗಿಲಿಗೆ ಐದು ಹೆಜ್ಜೆ. ಮೂರನೆಯ ಹೆಜ್ಜೆಗೇ ಗೋಡೆಗೆ ಆತುಕೊಂಡ. ಬಾಯಿ ಅಗಲಿಸಿ ಗಾಳಿ ಹುಡುಕಿದ. ನೀರಿಂದ ಎತ್ತಿ ದಡಕ್ಕೆ ಹಾಕಿದ ಮೀನನ್ನು ನೋಡಿದಂತೆ ಆಕೆ ನಿಂತು ನೋಡಿದಳು. ಅಪ್ಪ ದನದ ದೊಡ್ಡಿಗೆ ಹೋಗುವಾಗ ಹೀಗೇ ಆತುಕೊಳ್ಳುತ್ತಿದ್ದ. ಅವಳಿಗೆ ಕರುಣೆ ಬರಲಿಲ್ಲ ಎಂದರೆ ನರ್ಸಿಗೆ ಅವಮಾನ, ಬಂತು ಎಂದರೆ ಸುಳ್ಳು.

"ಹೇಳ್ತೀನಿ," ಎಂದ ಗೋಡೆಗೆ ಮುಖ ಮಾಡಿ.

ಜಗಲಿಗೆ ಕರೆತಂದು ಬೆಂಚಿನ ತುದಿಯಲ್ಲಿ ಕೂರಿಸಿದಳು. ನಿಲ್ಲುವ ಶಕ್ತಿ ಅವನಿಗಿರಲಿಲ್ಲ. ನ್ತಾತೆ ಮೊಖೆಥಿ ನಿಮಗೊಂದು ವಿಷಯ ಹೇಳುತ್ತಾರೆ, ಗಣಿಯ ಕಾರ್ಡಿನ ಬಗ್ಗೆ, ಎಂದು ಎಲ್ಲರಿಗೂ ಕೇಳುವಂತೆ ಸಾರಿದಳು. ಜನ ಕೆಮ್ಮು ತಡೆದುಕೊಂಡು ತಿರುಗಿದರು. ಕೆಲವರಿಗೆ ಅವನ ಗುರುತು ಸಿಕ್ಕಿತು, ಕಂಬಳಿಯ ಒಳಗಿಂದ ಕೈ ತೆಗೆದು ನಮಸ್ಕಾರ ಮಾಡಿದರು.

ಅವನು ಹೇಳಿದ. ಒಂದು ಮಾತಿಗೆ ಒಂದು ಉಸಿರು, ಕೆಲವು ಮಾತಿಗೆ ಎರಡು. ಯುಪೂನಿಯಾ ಅನ್ನೋದು ಕಾಯಿಲೆ ಅಲ್ಲ. ಅದು ಚೆನ್ನಾಗಿರೋನ ಉಸಿರು. ಏನೂ ತೊಂದರೆ ಇಲ್ಲ ಅಂತ ಅರ್ಥ. ನಾನು ಎಣಿಸಲಿಲ್ಲ. ಯಾರದ್ದೂ ಎಣಿಸಲಿಲ್ಲ. ಎಲ್ಲರಿಗೂ ಹದಿನಾರು ಅಂತ ಬರೆದೆ. ಯಾರೂ ನಿಮಗೆ ಕಾಗದ ಹಾಕೋದಿಲ್ಲ, ಅವರ ಪುಸ್ತಕದಲ್ಲಿ ನೀವೆಲ್ಲ ಆರೋಗ್ಯವಂತರು.

ಇಷ್ಟು ಹೇಳಲು ಅವನಿಗೆ ಕಾಲು ಗಂಟೆ ಹಿಡಿಯಿತು. ಪ್ರತಿ ಸಲ ಅವನು ಮಾತಿನ ನಡುವೆ ನಿಂತಾಗಲೂ ಪುಸೆಲೆಟ್ಸೊಗೆ ಹಾಲು ಕುಡಿದಷ್ಟು ಹಿತವಾಯಿತು. ಮಾಡಿದ್ದುಣ್ಣೋ ಮಹರಾಯ. ಸೊಸೆ ಮಾತ್ರ ಕಂಬದ ಹಿಂದೆ ನಿಂತು, ತವರಿನ ಅಪ್ಪನನ್ನು ನೆನೆದಳೋ ಮಾವನಿಗೆ ನಾಚಿದಳೋ, ಮುಖ ಮುಚ್ಚಿಕೊಂಡಿದ್ದಳು.

ಪುಸೆಲೆಟ್ಸೊ ಕೊಟ್ಟ ಮಾತು ಉಳಿಸಿಕೊಂಡಳು. ಎಲ್ಲರ ಮುಂದೆ ಬುಕಾನಾ ತೆಗೆದು ಆ ಸಾಲನ್ನು ಹೊಡೆದುಹಾಕಿ, ಡಿಸ್ಪ್ನಿಯ, ಮೂವತ್ತನಾಲ್ಕು ಎಂದು ಬರೆದಳು. ವ್ಯಾನಿನ ಪಟ್ಟಿಯಲ್ಲಿ ಅವನ ಹೆಸರು ಸೇರಿಸಿದಳು. ಆಮೇಲೆ ಕೈ ಕಟ್ಟಿ ನಿಂತು ಕಾದಳು. ಈಗ ಹೆಂಗಸರು ಎದ್ದು ಇವನ ಮುಖಕ್ಕೆ ಉಗಿಯುತ್ತಾರೆ, ಮುದುಕರು ಕೋಲು ಎತ್ತುತ್ತಾರೆ. ಇಪ್ಪತ್ತು ವರ್ಷ ಆಕೆ ಕನಸಿನಲ್ಲಿ ಕಂಡದ್ದು ಈ ಗಳಿಗೆಯನ್ನೇ.

ಯಾರೂ ಏಳಲಿಲ್ಲ. ಒಬ್ಬ ಮುದುಕ ಕಂಬಳಿಯೊಳಗಿಂದ ನೀಲಿ ಕಾರ್ಡು ತೆಗೆದು, ತಲೆಕೆಳಗಾಗಿ ಹಿಡಿದು, ಅದನ್ನೇ ನೋಡುತ್ತ ಕೂತ. ಬೆಂಚಿನ ನಡುವೆ ಮಾಥಾಟೊ ಎಂಬ ವಿಧವೆ ಇದ್ದಳು. ಎಪ್ಪತ್ತರ ಆಸುಪಾಸಿನವಳು, ಊರಿನಲ್ಲಿ ಎಲ್ಲರೂ ಹೆದರುವ ಬಾಯಿ. ಅವಳು ಮೊಖೆಥಿಯನ್ನು ಅಡಿಯಿಂದ ಮುಡಿವರೆಗೆ ಒಂದು ಸಲ ನೋಡಿ, ಅಷ್ಟಕ್ಕೇ ಬಿಟ್ಟು, ನರ್ಸಿನ ಕಡೆ ತಿರುಗಿದಳು.

"ಇವನ ಹತ್ರ ಇದನ್ನ ಹೇಳಿಸ್ದೋಳು ನೀನು. ಅಂದ್ರೆ ನಿನಗೆ ಮುಂಚೇನೇ ಗೊತ್ತಿತ್ತು."

ಪುಸೆಲೆಟ್ಸೊ ತಲೆಯಾಡಿಸಿದಳು.

"ಯಾವಾಗಿಂದ?"

"ನರ್ಸಿಂಗ್ ಓದೋವಾಗಿಂದ, ಮ್ಮೆ," ಎಂದಳು ತಾಯಿಯನ್ನು ಕರೆಯುವ ಹಾಗೆ.

ಮಾಥಾಟೊ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ತನ್ನ ಗಂಡ ತೀರಿಕೊಂಡು ಎಂಟು ವರ್ಷ ಎಂದಳು, ಯಾರಿಗೂ ಅಲ್ಲದ ಹಾಗೆ. ಅವರನ್ನು ಕುದುರೆಯ ಮೇಲೆ ಕೂರಿಸಿಕೊಂಡು ನಾನೇ ಇಲ್ಲಿಗೆ ತಂದಿದ್ದೆ, ಇದೇ ಬೆಂಚಿನ ಮೇಲೆ ಕೂರಿಸಿದ್ದೆ ಎಂದಳು. ಆಮೇಲೆ ದನಿ ಏರಿಸದೆ ಕೇಳಿದಳು.

"ಅವರು ನಿನಗೆ ಕಾರ್ಡ್ ತೋರಿಸಿ, ನಂದು ಯುಪೂನಿಯಾ, ಬರ್ದಾಗಿದೆ, ಮಸೇರು ಬೇಡ ಅಂದ್ರಲ್ಲ. ಆವತ್ತು ನಿನಗೆ ಗೊತ್ತಿತ್ತಾ?"

ಪುಸೆಲೆಟ್ಸೊಗೆ ಆ ದಿನ ನೆನಪಿತ್ತು. ಕುದುರೆಯೂ ನೆನಪಿತ್ತು. ಒಮ್ಮೆ ಹೋಗಿ ಬನ್ನಿ ನ್ತಾತೆ ಎಂದು ಹೇಳಿದ್ದೂ, ಅವರು ನಕ್ಕದ್ದೂ, ತಾನು ಸುಮ್ಮನಾದದ್ದೂ. ಅವ್ವನ ಸಲುವಾಗಿ ಸುಮ್ಮನಿದ್ದೆ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಬಾಯಿ ತೆರೆದಳು. ಎದುರಿಗೆ ಹದಿನೈದು ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವ್ವನ ಹೆಸರು ಎತ್ತದೆ ಬಿಟ್ಟಳು.

"ಗೊತ್ತಿತ್ತು," ಎಂದಳು.

"ಹಂಗಾದ್ರೆ ನೀನೂ ಅಲ್ಲೇ ಕೂತ್ಕೊ," ಎಂದಳು ಮಾಥಾಟೊ, ಬೆಂಚಿನ ತುದಿಯತ್ತ ಗದ್ದ ತೋರಿಸಿ. "ಅವನ ಪಕ್ಕ."

ಪುಸೆಲೆಟ್ಸೊ ನಾಲ್ಕು ಹೆಜ್ಜೆ ನಡೆದಳು. ಮೊಖೆಥಿ ಅವಳ ಮುಖ ನೋಡಲಿಲ್ಲ, ಹರಡಿಕೊಂಡಿದ್ದ ಕಂಬಳಿಯ ಚುಂಗನ್ನು ತನ್ನ ಕಡೆಗೆ ಎಳೆದುಕೊಂಡು ಆಕೆಗೆ ಜಾಗ ಬಿಟ್ಟ.